ಅಣ್ಣನ ಹಳೇ ಗಾಡಿಯ ಟಿಕ್ ಟಿಕ್: ಒಂದು ಲಿಫ್ಟರ್ ಪ್ರಕರಣ

ಅಣ್ಣ ಫೋನ್ ಮಾಡಿದಾಗ ಅವನ ಮಾತಿಗಿಂತ ಮೊದಲು ಗಾಡಿಯ ಸದ್ದು ಕೇಳಿಸಿತು. ಫೋನನ್ನು ಬಾನೆಟ್ ಹತ್ತಿರ ಹಿಡಿದಿದ್ದ. ಟಿಕ್ ಟಿಕ್ ಟಿಕ್ ಟಿಕ್, ಒಂದೇ ಸಮ.

"ಕೇಳಿಸ್ತಾ? ಗ್ಯಾರೇಜಿನವರ ಪ್ರಕಾರ ಎಂಜಿನ್ ಬಿಚ್ಚಲೇಬೇಕಂತೆ ಕಣೋ. ಕ್ಯಾಮ್, ಲಿಫ್ಟರ್ ಎಲ್ಲಾ ಹೊಸದು ಹಾಕಬೇಕಂತೆ."

"ಏನೇನು ಪರೀಕ್ಷೆ ಮಾಡಿ ಹೇಳಿದ್ರು ಅಣ್ಣಾ?"

"ಪರೀಕ್ಷೆ ಏನೂ ಮಾಡಲಿಲ್ಲ. ಸದ್ದು ಕೇಳಿ ಹೇಳಿದ್ರು."

"ಹಾಗಿದ್ರೆ ಸದ್ಯಕ್ಕೆ ಏನೂ ಬಿಚ್ಚಿಸಬೇಡ. ಭಾನುವಾರ ನಾನೇ ಬರ್ತೀನಿ."

ಅಲ್ಲಿಂದ ಸುಮಾರು ಆರು ವಾರ ಈ ಗಾಡಿಯ ಜೊತೆ ಕಳೆದೆ. ಇಂಥದ್ದೇ ಸದ್ದಿನಿಂದ ಕಂಗೆಟ್ಟವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿದ್ದೇನೆ.

ಗಾಡಿಯ ವಿವರ ಇಷ್ಟು. ಮೂವತ್ತು ವರ್ಷ ದಾಟಿದ ಪೆಟ್ರೋಲ್ ಎಂಜಿನ್. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್. ಕ್ಯಾಮ್ ಶಾಫ್ಟ್, ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ (ಆ ಉಬ್ಬುಗಳನ್ನೇ ಮುಂದೆ ಗೂಟ ಅನ್ನುತ್ತೇನೆ), ಬ್ಲಾಕಿನ ಒಳಗಿದೆ. ಅದರ ಮೇಲೆ ಚಪ್ಪಟೆ ತಳದ 12 ಹೈಡ್ರಾಲಿಕ್ ಲಿಫ್ಟರ್. ಲಿಫ್ಟರ್ ಮೇಲೆ ಪುಶ್ ರಾಡ್, ಪುಶ್ ರಾಡ್ ಮೇಲೆ ರಾಕರ್, ರಾಕರ್ ಕೆಳಗೆ ವಾಲ್ವ್. ಒಂದೊಂದು ಸಿಲಿಂಡರಿಗೆ ಎರಡು ವಾಲ್ವ್: ಒಳಗೆ ಬಿಡುವುದು ಇನ್‌ಟೇಕ್, ಹೊರಗೆ ಬಿಡುವುದು ಎಕ್ಸಾಸ್ಟ್. ರಾಕರ್ ಮಧ್ಯದಲ್ಲಿ ಹೊಂದಿಸುವ ನಟ್ ಇದೆ. ಬ್ಲಾಕಿನ ಪಕ್ಕದಲ್ಲಿ ಒಂದು ತಗಡಿನ ಕವರ್ ಇದೆ. ಅದನ್ನು ತೆಗೆದರೆ ಹೆಡ್ ಬಿಚ್ಚದೆಯೇ ಲಿಫ್ಟರ್ ಹೊರಗೆ ಬರುತ್ತದೆ. ಈ ಒಂದು ಅನುಕೂಲ ಎಲ್ಲಾ ಎಂಜಿನ್‌ಗಳಲ್ಲಿ ಇರುವುದಿಲ್ಲ.

ಮೊದಲ ದಿನ ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಅಣ್ಣನ ನೋಟ್ ಬುಕ್ ಓದಿದೆ. ಅವನು ಗಾಡಿ ಕೊಂಡ ದಿನದಿಂದ ಎಲ್ಲಾ ಬರೆದಿಡುತ್ತಾನೆ. ಆ ಅಭ್ಯಾಸ ಈ ಪ್ರಕರಣದಲ್ಲಿ ನಮಗೆ ಅರ್ಧ ದಾರಿ ಉಳಿಸಿತು. ಒಂದು ವರ್ಷಕ್ಕೂ ಜಾಸ್ತಿ ಗಾಡಿ ಸುಮ್ನೆ ನಿಂತಿತ್ತು. ಮತ್ತೆ ಓಡಿಸಲು ಶುರು ಮಾಡಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಐದಾರು ಸೆಕೆಂಡ್ ಸದ್ದು. ಆಮೇಲೆ ಬಿಸಿಯಾದಾಗಲೂ ಐಡ್ಲಿಂಗ್‌ನಲ್ಲಿ ಒಂದು ಟಿಕ್. ಯಾರೋ ಹೇಳಿದರು ಅಂತ ದಪ್ಪ ಆಯಿಲ್ ಹಾಕಿಸಿದ್ದ, 20ಡಬ್ಲ್ಯು-50. ಗಾಡಿಯ ಕೈಪಿಡಿ ಪುಸ್ತಕದಲ್ಲಿ ಹೇಳಿದ್ದು 10ಡಬ್ಲ್ಯು-30. ಅದಾದ ಮೇಲೆ ಒಂದೇ ತಿಂಗಳಲ್ಲಿ ಮೂರು ಸಲ ಹೀಗೆ ಬರೆದಿದ್ದ: "ಸದ್ದು ಜಾಸ್ತಿ. ಆಯಿಲ್ ಕಮ್ಮಿ ತೋರಿಸಿತು. ಅರ್ಧ ಲೀಟರ್ ಹಾಕಿದೆ." ಕೊನೆಯ ಪುಟದಲ್ಲಿ: "ಹೈವೇಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಇಡೀ ಎಂಜಿನ್ ಟಕಟಕ ಅನ್ನುತ್ತೆ. ಹದಿನೈದು ನಿಮಿಷ ನಿಲ್ಲಿಸಿದರೆ ಸರಿ ಹೋಗುತ್ತೆ."

ಅದನ್ನು ಓದಿದಾಗಲೇ ನನಗೆ ಅನ್ನಿಸಿತು, ಇಲ್ಲಿ ಇರುವುದು ಒಂದು ಸದ್ದಲ್ಲ, ಎರಡು. ಒಂದೇ ಜಾಗದಿಂದ ಬರುವ ಟಿಕ್ ಬೇರೆ. ಎಲ್ಲಾ ಕಡೆಯಿಂದ ಬರುವ ಟಕಟಕ ಬೇರೆ. ಒಂದು ವಾಲ್ವ್ ಸದ್ದು ಮಾಡಿದರೆ ಆ ಲಿಫ್ಟರ್, ಆ ರಾಕರ್, ಆ ಕ್ಯಾಮ್ ಗೂಟವನ್ನು ಅನುಮಾನಿಸಬೇಕು. ಹನ್ನೆರಡೂ ಒಟ್ಟಿಗೆ ಸದ್ದು ಮಾಡಿದರೆ ಅವೆಲ್ಲಕ್ಕೂ ಸಿಗುವ ಆಯಿಲನ್ನೇ ಮೊದಲು ಅನುಮಾನಿಸಬೇಕು. ಹನ್ನೆರಡು ಲಿಫ್ಟರ್ ಒಂದೇ ದಿನ ಕೆಡುವುದಿಲ್ಲ ಅಲ್ವಾ?

ಲಿಫ್ಟರ್ ಒಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಬಿಸಿಗೆ ಲೋಹ ಹಿಗ್ಗುತ್ತದೆ. ಹಳೆಯ ಸಾದಾ ಟ್ಯಾಪೆಟ್‌ನಲ್ಲಿ ಅದಕ್ಕೆಂದೇ ವಾಲ್ವ್ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತಿದ್ದರು. ಆ ಸಂದಿನಿಂದಲೇ ಸದ್ದು. ಅದನ್ನು ಆಗಾಗ ಫೀಲರ್ ಗೇಜ್ ಇಟ್ಟು ಹೊಂದಿಸಬೇಕಿತ್ತು. 1930ರಲ್ಲಿ ಬಂದ ಕ್ಯಾಡಿಲಾಕ್ ವಿ-16 ಕಾರಿನಲ್ಲಿ ಈ ಸಂದನ್ನು ಆಯಿಲ್ ಒತ್ತಡದಿಂದ ತಾನಾಗಿಯೇ ತುಂಬುವ ಏರ್ಪಾಡು ಮಾಡಿದ್ದರು. ಅಣ್ಣನ ಎಂಜಿನ್‌ನಲ್ಲಿರುವ ಲಿಫ್ಟರ್ ಕೂಡ ಅದೇ ಯೋಚನೆಯ ಮೇಲೆ ನಿಂತಿದೆ.

ಹೆಬ್ಬೆರಳಿಗಿಂತ ತುಸು ದಪ್ಪದ ಒಂದು ಉಕ್ಕಿನ ಲೋಟ ಅಂದುಕೊಳ್ಳಿ. ಅದರೊಳಗೆ ಬಿಗಿಯಾಗಿ ಕೂತು ಜಾರುವ ಪ್ಲಂಜರ್. ಪ್ಲಂಜರ್ ಕೆಳಗೆ ಒಂದು ಸ್ಪ್ರಿಂಗ್. ಪ್ಲಂಜರ್ ತಳದಲ್ಲಿ ಒಂದು ತೂತು, ಆ ತೂತಿಗೆ ಬಾಗಿಲಾಗಿ ಒಂದು ಪುಟ್ಟ ಗುಂಡು. ಕ್ಯಾಮ್ ಲಿಫ್ಟರನ್ನು ಎತ್ತದೆ ಇರುವಾಗ ಸ್ಪ್ರಿಂಗ್ ಪ್ಲಂಜರನ್ನು ಮೇಲೆ ತಳ್ಳಿ ಸಂದನ್ನು ಮುಚ್ಚುತ್ತದೆ. ಆಗ ಆಯಿಲ್ ಗುಂಡನ್ನು ದಾಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಕ್ಯಾಮ್ ಎತ್ತಲು ಶುರು ಮಾಡಿದ ಕೂಡಲೇ ಗುಂಡು ತೂತನ್ನು ಮುಚ್ಚುತ್ತದೆ. ಕೆಳಗೆ ಸಿಕ್ಕಿಬಿದ್ದ ಆಯಿಲ್ ಕುಗ್ಗುವುದಿಲ್ಲ. ಹಾಗಾಗಿ ಇಡೀ ಲಿಫ್ಟರ್ ಕಲ್ಲಿನ ಹಾಗೆ ಗಟ್ಟಿಯಾಗಿ ವಾಲ್ವನ್ನು ತೆರೆಯುತ್ತದೆ. ಪ್ಲಂಜರ್ ಮತ್ತು ಲೋಟದ ನಡುವೆ ಕೆಲವೇ ಮೈಕ್ರಾನ್ ಸಂದು. ಅಲ್ಲಿಂದ ಪ್ರತಿ ಸಲ ಒಂದಿಷ್ಟು ಆಯಿಲ್ ಸೋರುತ್ತದೆ. ಅದು ಬೇಕಾದ ಸೋರಿಕೆಯೇ. ಅದು ಇಲ್ಲದಿದ್ದರೆ ವಾಲ್ವ್ ಬಿಸಿಯಾಗಿ ಉದ್ದವಾದಾಗ ಲಿಫ್ಟರ್ ಕುಗ್ಗಲಾಗದೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಅಂದರೆ ಲಿಫ್ಟರ್ ಸದ್ದು ಮಾಡುವುದಕ್ಕೆ ಇರುವ ದಾರಿಗಳು ಕೆಲವೇ. ಆಯಿಲ್ ಬರುತ್ತಿಲ್ಲ. ಬರುವ ಆಯಿಲ್‌ನಲ್ಲಿ ಗಾಳಿ ಇದೆ, ಗಾಳಿ ಕುಗ್ಗುತ್ತದೆ. ಗುಂಡು ಸರಿಯಾಗಿ ಮುಚ್ಚುತ್ತಿಲ್ಲ. ಪ್ಲಂಜರ್ ಗಮ್ (ಒಣಗಿ ಅಂಟಾದ ಹಳೇ ಆಯಿಲ್) ಹಿಡಿದು ಅಂಟಿದೆ. ಪ್ಲಂಜರ್ ಸವೆದು ಸೋರಿಕೆ ಜಾಸ್ತಿಯಾಗಿದೆ. ಇಲ್ಲವೇ ಲಿಫ್ಟರ್ ಸರಿ ಇದೆ, ಕ್ಯಾಮ್, ಪುಶ್ ರಾಡ್, ರಾಕರ್‌ಗಳಲ್ಲಿ ಯಾವುದೋ ಸವೆದು ಲಿಫ್ಟರ್ ತುಂಬಲಾರದಷ್ಟು ಸಂದು ಆಗಿದೆ.

ಆದರೆ ಮೊದಲು ಸದ್ದು ವಾಲ್ವ್ ಕಡೆಯದೇ ಅಂತ ಖಚಿತ ಆಗಬೇಕು. ಟಿಕ್ ಅನ್ನುವ ಭಾಗಗಳು ಎಂಜಿನ್‌ನಲ್ಲಿ ಬಹಳ ಇವೆ.

ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಅರ್ಧ ವೇಗದಲ್ಲಿ ತಿರುಗುತ್ತದೆ. ಐಡ್ಲಿಂಗ್ 700 ಆರ್‌ಪಿಎಂ ಇದ್ದರೆ ಒಂದೊಂದು ವಾಲ್ವ್ ನಿಮಿಷಕ್ಕೆ 350 ಸಲ ತೆರೆಯುತ್ತದೆ, ಸೆಕೆಂಡಿಗೆ ಆರು ಸಲದ ಹತ್ತಿರ. ಕಿವಿಯಿಂದ ಎಣಿಸುವುದು ಕಷ್ಟ. ಅದಕ್ಕೆ ಟೈಮಿಂಗ್ ಲೈಟ್ ಹಿಡಿದೆ. ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಸಿಕ್ಕಿಸಿದರೆ ಅದು ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಮಿಂಚುತ್ತದೆ. ಮಿಂಚಿಗೊಂದು ಟಿಕ್ ಬಂದರೆ ಸದ್ದು ಕ್ಯಾಮ್ ವೇಗದ್ದು. ಮಿಂಚಿಗೆ ಎರಡು ಬಂದರೆ ಕ್ರ್ಯಾಂಕ್ ವೇಗದ್ದು, ಆಗ ಬೇರಿಂಗ್, ಪಿಸ್ಟನ್ ಕಡೆ ನೋಡಬೇಕು. ಇಲ್ಲಿ ಮಿಂಚಿಗೆ ಒಂದೇ ಟಿಕ್ ಇತ್ತು. ಅಣ್ಣನಿಗೂ ತೋರಿಸಿದೆ. ಅವನ ಮುಖದ ಬಿಗಿ ಸಡಿಲವಾದದ್ದು ಆಗಲೇ.

ಆದರೂ ಇಲ್ಲಿ ಒಂದು ಮೋಸ ಇದೆ. ಇಂಥ ಎಂಜಿನ್‌ನ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಕೂಡ ಕ್ಯಾಮ್‌ನಿಂದಲೇ ಓಡುತ್ತದೆ, ಅದೇ ಲೆಕ್ಕದಲ್ಲಿ ಟಿಕ್ ಅನ್ನುತ್ತದೆ. ಮೆಕ್ಯಾನಿಕ್ ಸ್ಟೆತಸ್ಕೋಪ್ ಪಂಪಿನ ಮೇಲಿಟ್ಟೆ. ಅಲ್ಲಿ ಸದ್ದು ಮೆತ್ತಗಿತ್ತು. ಟ್ಯಾಪೆಟ್ ಕವರ್ ಬೋಲ್ಟ್‌ಗಳ ಮೇಲಿಟ್ಟಾಗ ಮಧ್ಯಭಾಗದಲ್ಲಿ ಜೋರು. ಸ್ಟೆತಸ್ಕೋಪ್ ಇಲ್ಲದವರು ಉದ್ದ ಸ್ಕ್ರೂ ಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿ ಕೇಳಬಹುದು. ಫ್ಯಾನ್ ಮತ್ತು ಬೆಲ್ಟಿನಿಂದ ದೂರ ಇರಬೇಕು ಅಷ್ಟೇ. ತಗಡಿನ ಕವರ್ ತಮಟೆಯ ಹಾಗೆ ಸದ್ದನ್ನು ಹರಡುತ್ತದೆ, ಅದಕ್ಕೇ ಅದರ ಮೇಲೆ ಕೇಳದೆ ಹೆಡ್ಡಿಗೆ ಹೋಗುವ ಬೋಲ್ಟ್ ತಲೆಯ ಮೇಲೆ ಕೇಳಬೇಕು.

ಇನ್ನೊಂದು ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್. ಅಲ್ಲಿ ಗ್ಯಾಸ್ ಸೋರಿದರೂ ಥೇಟ್ ಇದೇ ಟಿಕ್ ಬರುತ್ತದೆ. ತಣ್ಣಗಿರುವಾಗ ಜೋರಾಗಿದ್ದು, ಲೋಹ ಹಿಗ್ಗಿದ ಮೇಲೆ ಕಮ್ಮಿಯಾಗುತ್ತದೆ. ಇದನ್ನು ಲಿಫ್ಟರ್ ಅಂದುಕೊಂಡು ಎಂಜಿನ್ ಬಿಚ್ಚಿದವರನ್ನು ನಾನು ನೋಡಿದ್ದೇನೆ. ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಅಂಚಿನ ಉದ್ದಕ್ಕೂ ಸರಿಸಿದೆ. ಎಲ್ಲೂ ಉಸಿರು ಬಿಟ್ಟಂಥ ಸದ್ದಿಲ್ಲ. ಆಮೇಲೆ ಒಂದೊಂದೇ ಪ್ಲಗ್ಗಿನ ಕರೆಂಟನ್ನು ಬಾಡಿಗೆ ಅರ್ತ್ ಮಾಡಿ ನೋಡಿದೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ಆ ಸಿಲಿಂಡರ್ ಉರಿಯುವುದು ನಿಂತಾಗ ಸದ್ದು ಇಳಿಯುತ್ತದೆ. ಎಕ್ಸಾಸ್ಟ್ ಸೋರಿಕೆಯೂ ಹಾಗೇ. ಇಲ್ಲಿ ಯಾವ ಸಿಲಿಂಡರ್ ನಿಲ್ಲಿಸಿದರೂ ಟಿಕ್ ಬದಲಾಗಲಿಲ್ಲ.

ಸದ್ದು ವಾಲ್ವ್ ಕಡೆಯದೇ. ಅಲ್ಲಿಗೆ ಮೊದಲ ದಿನ ಮುಗಿಯಿತು.

ಆಯಿಲ್

ಮರುದಿನ ಬೆಳಗ್ಗೆ, ಗಾಡಿ ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ, ಡಿಪ್ ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೀಟಿಗಿಂತ ಎರಡು ಬೆರಳು ಮೇಲಿತ್ತು.

"ಅಣ್ಣಾ, ನೀನು ಆಯಿಲ್ ಯಾವಾಗ ನೋಡ್ತೀಯ?"

"ಗಾಡಿ ನಿಲ್ಲಿಸಿದ ತಕ್ಷಣ. ಬಾನೆಟ್ ತೆಗೆದು ನೋಡ್ಬಿಡ್ತೀನಿ."

ಅಲ್ಲೇ ಇತ್ತು ವಿಷಯ. ಎಂಜಿನ್ ಆಗ ತಾನೇ ನಿಂತಾಗ ಬಹಳಷ್ಟು ಆಯಿಲ್ ಇನ್ನೂ ಹೆಡ್ಡಿನಲ್ಲಿ, ದಾರಿಗಳಲ್ಲಿ ಇರುತ್ತದೆ. ಎಂಜಿನ್ ತಳದ ಆಯಿಲ್ ಚೇಂಬರಿಗೆ ಇಳಿಯಲು ಹತ್ತು ನಿಮಿಷವಾದರೂ ಬೇಕು. ದಪ್ಪ ಆಯಿಲ್ ಆದರೆ ಇನ್ನೂ ನಿಧಾನ. ಅವನಿಗೆ ಪ್ರತಿ ಸಲ ಆಯಿಲ್ ಕಮ್ಮಿ ಕಂಡಿತು. ಸದ್ದೂ ಇದೆ, ಆಯಿಲೂ ಕಮ್ಮಿ ಅಂತ ಹೆದರಿ ಮೇಲೆ ಮೇಲೆ ಹಾಕಿದ. ಗಾಡಿಯ ಮೇಲಿನ ಕಾಳಜಿಯಿಂದಲೇ ಹಾಗಾಯಿತು. ನಾವು ಇಳಿಸಿದಾಗ 6 ಲೀಟರ್ ದಾಟಿ ಬಂತು. ಫಿಲ್ಟರ್ ಸೇರಿ ಪುಸ್ತಕ ಹೇಳುವುದು 5 ಲೀಟರಿಗಿಂತ ತುಸು ಕಮ್ಮಿ.

ಆಯಿಲ್ ಜಾಸ್ತಿಯಾದರೆ ತಿರುಗುವ ಕ್ರ್ಯಾಂಕಿನ ತೂಕದ ಭಾಗಗಳು ಅದರ ಮೇಲ್ಮೈಗೆ ಬಡಿದು ನೊರೆ ಎಬ್ಬಿಸುತ್ತವೆ. ಜೋರಾಗಿ, ಬಹಳ ಹೊತ್ತು ಓಡಿಸಿದಷ್ಟೂ ನೊರೆ ಜಾಸ್ತಿ. ಪಂಪ್ ಆ ನೊರೆಯನ್ನೇ ಎಳೆದು ಲಿಫ್ಟರಿಗೆ ಕಳಿಸುತ್ತದೆ. ಗಾಳಿ ತುಂಬಿದ ಲಿಫ್ಟರ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಹೈವೇ ಓಡಾಟದ ನಂತರ ಹನ್ನೆರಡೂ ಟಕಟಕ ಅನ್ನುವುದು, ಹದಿನೈದು ನಿಮಿಷ ನಿಂತರೆ ನೊರೆ ಒಡೆದು ಸರಿಹೋಗುವುದು, ಎರಡೂ ಇದಕ್ಕೆ ಹೊಂದಿದವು. ಆಯಿಲ್ ತೀರ ಕಮ್ಮಿಯಾದರೂ ಪಂಪ್ ಗಾಳಿ ಎಳೆದು ಇದೇ ಸದ್ದು ಬರುತ್ತದೆ. ಅದಕ್ಕೇ ಸದ್ದು ಕೇಳಿ ಆಯಿಲ್ ಹಾಕುವ ಮೊದಲು ಮಟ್ಟವನ್ನು ಸರಿಯಾಗಿ ನೋಡಬೇಕು.

ಹೊಸ ಆಯಿಲ್ ಪುಸ್ತಕದಲ್ಲಿ ಹೇಳಿದ 10ಡಬ್ಲ್ಯು-30. ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಸವೆದ ಪ್ಲಂಜರಿದ್ದರೆ ಸೋರಿಕೆ ನಿಧಾನವಾಗಿ ಸ್ವಲ್ಪ ಕಮ್ಮಿ ಅನ್ನಿಸಬಹುದು, ನಿಜ. ಆದರೆ ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಅದೇ ದಪ್ಪ ಆಯಿಲ್ ಲಿಫ್ಟರಿನ ಪುಟ್ಟ ತೂತಿಗೆ ತಲುಪುವುದೇ ತಡ. ಫಿಲ್ಟರ್ ಕೂಡ ಬದಲಿಸಿದೆವು. ಹಳೇ ಫಿಲ್ಟರಿನ ಒಳಗೆ ಆಯಿಲ್ ಹಿಂದಕ್ಕೆ ಹರಿಯದ ಹಾಗೆ ತಡೆಯುವ ರಬ್ಬರ್ ತಟ್ಟೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ರಾತ್ರಿ ದಾರಿಗಳು ಖಾಲಿಯಾಗಿ ಬೆಳಗ್ಗೆ ಐದಾರು ಸೆಕೆಂಡ್ ಸದ್ದು ಬರುತ್ತಿದ್ದುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅಂದಾಜು.

ಎಂಜಿನ್ ಫ್ಲಶ್ ಹಾಕೋಣವೇ ಅಂತ ಅಣ್ಣ ಕೇಳಿದ. ನಾನು ಬೇಡ ಅಂದೆ. ವರ್ಷಗಳ ಕೆಸರು ಒಂದೇ ಸಲ ಕಿತ್ತು ಬಂದರೆ ಚೇಂಬರಿನ ಒಳಗಿನ ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ) ಕಟ್ಟಿಕೊಳ್ಳಬಹುದು. ಸ್ಟ್ರೈನರ್ ಕಟ್ಟಿದರೆ ಲಿಫ್ಟರ್ ಜೊತೆಗೆ ಬೇರಿಂಗೂ ಹೋಗುತ್ತದೆ. ಒಳ್ಳೆಯ ಆಯಿಲ್ ಹಾಕಿ, ಬೇಗ ಬೇಗ ಬದಲಿಸುವುದು ನಿಧಾನದ ದಾರಿ, ಆದರೆ ನನಗೆ ಅದೇ ಇಷ್ಟ.

ಇಷ್ಟಾದ ಮೇಲೆ ಆಯಿಲ್ ಪ್ರೆಶರ್ ಅಳೆದೆ. ಡ್ಯಾಶ್‌ಬೋರ್ಡಿನ ದೀಪ ಆರಿದೆ ಅಂದರೆ ಪ್ರೆಶರ್ ಸರಿ ಇದೆ ಅಂತ ಅರ್ಥ ಅಲ್ಲ. ಬಹಳಷ್ಟು ಗಾಡಿಗಳಲ್ಲಿ ಪ್ರೆಶರ್ 5 ಪಿಎಸ್‌ಐ ಆಸುಪಾಸಿಗೆ ಬಿದ್ದ ಮೇಲಷ್ಟೇ ಆ ದೀಪ ಹೊತ್ತುತ್ತದೆ. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ಹಾಕಿದೆ. ತಣ್ಣಗೆ ಐಡ್ಲಿಂಗ್‌ನಲ್ಲಿ 48 ಪಿಎಸ್‌ಐ. ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 16, 2000 ಆರ್‌ಪಿಎಂನಲ್ಲಿ 38. ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಅನ್ನುವುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ. ಆ ಲೆಕ್ಕಕ್ಕೆ ಇದು ಧಾರಾಳ. ಪಂಪ್, ಬೇರಿಂಗ್ ಬಗ್ಗೆ ಚಿಂತೆ ಬಿಟ್ಟೆವು.

ಆ ವಾರ ಅಣ್ಣ ಹೈವೇಯಲ್ಲಿ ಒಂದೂವರೆ ಗಂಟೆ ಓಡಿಸಿ ಬಂದ. ಇಡೀ ಎಂಜಿನ್‌ನ ಟಕಟಕ ಹೋಗಿತ್ತು. ಒಂದು ನಟ್ ಕೂಡ ಬಿಚ್ಚದೆ ಅರ್ಧ ಸಮಸ್ಯೆ ಕಳೆಯಿತು. ಉಳಿದದ್ದು ಆ ಒಂದೇ ಟಿಕ್.

ಆ ಒಂದು ಟಿಕ್

ಟ್ಯಾಪೆಟ್ ಕವರ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿದೆವು. ಆಯಿಲ್ ಸಿಡಿಯುತ್ತದೆ, ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದು ಹೊಗೆ ಬರುತ್ತದೆ. ಐಡ್ಲಿಂಗ್ ಆದಷ್ಟು ಕೆಳಗಿಟ್ಟು, ಸುತ್ತ ರಟ್ಟು ಅಡ್ಡ ಇಟ್ಟು, ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡಬೇಕು. ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ಒಂದೊಂದೇ ರಾಕರ್ ಮತ್ತು ವಾಲ್ವ್ ತುದಿಯ ನಡುವೆ ತೂರಿಸುತ್ತಾ ಹೋದೆ. ಒಳ್ಳೆಯ ಲಿಫ್ಟರ್ ಇರುವಲ್ಲಿ ಎಲೆ ಹೋಗುವುದೇ ಕಷ್ಟ, ಹೋದರೂ ಸದ್ದಿಗೆ ಏನೂ ಆಗುವುದಿಲ್ಲ. 4ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಬಂದಾಗ ಎಲೆ ಸಲೀಸಾಗಿ ಜಾರಿತು. ಟಿಕ್ ನಿಂತೇ ಹೋಯಿತು. ಎಲೆ ತೆಗೆದೆ, ಮತ್ತೆ ಬಂತು. ಮೂರು ಸಲ ಮಾಡಿದೆ. ಅಣ್ಣನ ಕೈಯಲ್ಲೂ ಮಾಡಿಸಿದೆ.

ಕವರ್ ತೆಗೆದಿರುವಾಗಲೇ ಇನ್ನೊಂದನ್ನು ನೋಡಿಕೊಂಡೆ. ಚಪ್ಪಟೆ ತಳದ ಲಿಫ್ಟರ್ ಓಡುವಾಗ ನಿಧಾನವಾಗಿ ಸುತ್ತುತ್ತಾ ಇರಬೇಕು. ಅದರ ತಳ ಪೂರ್ತಿ ಚಪ್ಪಟೆ ಅಲ್ಲ, ಮಧ್ಯ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಕ್ಯಾಮ್ ಗೂಟವೂ ಸ್ವಲ್ಪ ಓರೆ ಇರುತ್ತದೆ. ಹಾಗಾಗಿ ಸುತ್ತುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ಲಿಫ್ಟರ್ ಸುತ್ತಿದರೆ ಪುಶ್ ರಾಡೂ ಸುತ್ತುತ್ತದೆ. ಹನ್ನೊಂದು ಚೆನ್ನಾಗಿ ಸುತ್ತುತ್ತಿದ್ದವು. 2ನೇ ಸಿಲಿಂಡರಿನ ಇನ್‌ಟೇಕ್ ಮಾತ್ರ ತಡೆದು ತಡೆದು ಸುತ್ತುತ್ತಿತ್ತು. ಅದು ಸದ್ದು ಮಾಡುತ್ತಿರಲಿಲ್ಲ, ಆದರೂ ಬರೆದಿಟ್ಟುಕೊಂಡೆ.

ಈಗ ತಪ್ಪು ಲಿಫ್ಟರಿನದೋ, ಕ್ಯಾಮಿನದೋ? ಇದೇ ಮುಖ್ಯ ಪ್ರಶ್ನೆ. ಕ್ಯಾಮ್ ಸವೆದಿದ್ದರೆ ಲಿಫ್ಟರ್ ತೊಳೆದು ಏನೂ ಪ್ರಯೋಜನವಿಲ್ಲ. ಎಲ್ಲಾ ಪ್ಲಗ್ ಬಿಚ್ಚಿ, ಎಂಜಿನ್ ಕೈಯಿಂದ ಸುಲಭವಾಗಿ ತಿರುಗುವ ಹಾಗೆ ಮಾಡಿದೆ. ರಾಕರ್ ಸಡಿಲಿಸಿ ಪಕ್ಕಕ್ಕೆ ತಿರುಗಿಸಿ, ಡಯಲ್ ಗೇಜಿನ ಮೊನೆಯನ್ನು ನೇರ ಪುಶ್ ರಾಡ್ ತಲೆಯ ಮೇಲೆ ಕೂರಿಸಿದೆ. ರಾಕರ್ ಇದ್ದಾಗಲೇ ಅಳೆದರೆ ವಾಲ್ವ್ ಸ್ಪ್ರಿಂಗ್ ಒತ್ತಿ ಪ್ಲಂಜರ್ ಕುಸಿಯುತ್ತದೆ, ಅಳತೆ ಸುಳ್ಳಾಗುತ್ತದೆ. 4ನೇ ಎಕ್ಸಾಸ್ಟ್ 5.91 ಮಿ.ಮೀ. ಎತ್ತಿತು. ಉಳಿದವು 5.88ರಿಂದ 5.93ರ ಒಳಗೆ. 2ನೇ ಇನ್‌ಟೇಕ್ ಒಂದು 5.81. ಅಂದರೆ ಟಿಕ್ ಮಾಡುವ ವಾಲ್ವಿನ ಕ್ಯಾಮ್ ಗೂಟ ಚೆನ್ನಾಗಿದೆ. ಕ್ಯಾಮ್ ಬದಲಿಸಬೇಕು ಅಂದಿದ್ದರಲ್ಲ, ಈ ಅಳತೆಗೆ ಹಿಡಿದದ್ದು ಒಂದು ಗಂಟೆ.

ಪುಶ್ ರಾಡನ್ನು ಗಾಜಿನ ಮೇಲೆ ಉರುಳಿಸಿದೆ, ನೇರವಾಗಿತ್ತು. ಒಳಗಿನ ಆಯಿಲ್ ದಾರಿಯಲ್ಲಿ ಗಾಳಿ ಊದಿದರೆ ಸರಾಗ. ರಾಕರ್ ತುದಿಯಲ್ಲಿ ಗುಳಿ ಇಲ್ಲ. ಕೊನೆಗೆ ಪುಶ್ ರಾಡನ್ನು ವಾಪಸ್ ಇಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಪಕ್ಕದವು ಅಲುಗಲಿಲ್ಲ. ಇದು ಸ್ಪ್ರಿಂಗ್ ಮೇಲೆ ಕೂತ ಹಾಗೆ ಇಳಿದು ಎದ್ದು ಬಂತು. ಒಳಗೆ ಆಯಿಲ್ ನಿಲ್ಲುತ್ತಿಲ್ಲ.

ಕಾಯಿಲ್ ಸರಿಸಿ, ಪಕ್ಕದ ಕವರ್ ಬಿಚ್ಚಿದೆವು. ಲಿಫ್ಟರ್ ನೇರ ಎಳೆದರೆ ಬರಲಿಲ್ಲ. ತೂತಿನ ಕೆಳಗೆ ಚಾಚಿಕೊಂಡಿರುವ ಭಾಗದ ಸುತ್ತ ಗಮ್ ಕಟ್ಟಿ ಬಳೆಯ ಹಾಗಾಗಿರುತ್ತದೆ, ಅದು ತೂತಿನಲ್ಲಿ ತಡೆಯುತ್ತದೆ. ಆಯಿಲ್ ಬಿಟ್ಟು, ತಿರುಗಿಸುತ್ತಾ, ಮೇಲೆ ಕೆಳಗೆ ಆಡಿಸುತ್ತಾ ಅರ್ಧ ಗಂಟೆ ತಾಳ್ಮೆಯಿಂದ ತೆಗೆದೆ. ತಳವನ್ನು ಒಂದು ನೇರ ಉಕ್ಕಿನ ಅಂಚಿಗೆ ಹಿಡಿದು ಬೆಳಕಿಗೆ ನೋಡಿದೆ. ಮಧ್ಯದಲ್ಲಿ ಬೆಳಕು ನುಸುಳಿದರೆ ತಳ ಗುಳಿ ಬಿದ್ದಿದೆ ಅಂತ, ಆಗ ಆ ಲಿಫ್ಟರೂ ಹೋಯಿತು, ಅದರ ಕ್ಯಾಮ್ ಗೂಟವೂ ಹೋಯಿತು. ಇದರಲ್ಲಿ ಬೆಳಕು ಅಂಚುಗಳಲ್ಲಿ ಕಂಡಿತು, ಮಧ್ಯದ ಉಬ್ಬು ಉಳಿದಿತ್ತು.

ಮೇಲಿನ ತಂತಿ ಕ್ಲಿಪ್ ತೆಗೆದಾಗ ಪ್ಲಂಜರ್ ತಾನಾಗಿ ಮೇಲೆ ಬರಬೇಕು. ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮರದ ಹಲಗೆಗೆ ಮೆಲ್ಲಗೆ ಬಡಿದ ಮೇಲೆ ಹೊರಬಂತು. ಮೈಯೆಲ್ಲ ಅರಗು ಬಳಿದ ಹಾಗೆ ಕಂದು ಬಣ್ಣ. ಗುಂಡು ಕೂರುವ ಜಾಗದಲ್ಲಿ ಅದೇ ಅರಗಿನ ಒಂದು ಚೂರು, ಸಾಸಿವೆಯ ಕಾಲು ಭಾಗದಷ್ಟೂ ಇಲ್ಲ. ಇಷ್ಟು ದಿನದ ಟಿಕ್ ಅಷ್ಟರಿಂದ. ಆ ಚೂರಿನಿಂದ ಗುಂಡು ಪೂರ್ತಿ ಮುಚ್ಚುತ್ತಿರಲಿಲ್ಲ, ಎತ್ತುವಾಗ ಆಯಿಲ್ ಹಿಂದಕ್ಕೆ ನುಗ್ಗುತ್ತಿತ್ತು.

ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಹಾಕಿ, ಮೆತ್ತನೆಯ ಬ್ರಷ್‌ನಿಂದ ತೊಳೆದೆ. ಇಲ್ಲಿ ಸ್ಯಾಂಡ್ ಪೇಪರ್ ಮುಟ್ಟಲೇಬಾರದು. ಮೈಕ್ರಾನ್‌ಗಳ ಬಿಗಿ ಅದು, ಒಮ್ಮೆ ಉಜ್ಜಿದರೆ ಸೋರಿಕೆ ಶಾಶ್ವತ. ಒಂದು ಲಿಫ್ಟರಿನ ಪ್ಲಂಜರನ್ನು ಇನ್ನೊಂದಕ್ಕೆ ಹಾಕಬಾರದು, ಅವು ಜೋಡಿ ನೋಡಿ ಕೂರಿಸಿದ್ದು. ತೆಗೆದ ಲಿಫ್ಟರ್ ತೆಗೆದ ತೂತಿಗೇ ಹೋಗಬೇಕು. ತೊಳೆದ ಮೇಲೆ ಒಣ ಪ್ಲಂಜರ್ ಲೋಟದೊಳಗೆ ತನ್ನ ಭಾರಕ್ಕೇ ಜಾರಿತು. ಆಯಿಲ್ ತುಂಬಿ ಒತ್ತಿದರೆ ಕಲ್ಲು.

ನನ್ನ ತಪ್ಪು

ಜೋಡಿಸುವಾಗ ಹೊಂದಿಕೆ ಹೀಗೆ. ಈ ಎಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-5-3-6-2-4. ಇದರಲ್ಲಿ 3 ಮತ್ತು 4 ಜೊತೆಗಾರರು. 3ನೆಯದರ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಟೇಕ್ ತೆರೆಯುತ್ತಾ ಇರುವ ಹೊತ್ತಿಗೆ 4ನೆಯದು ಕಂಪ್ರೆಶನ್ ತುದಿಯಲ್ಲಿರುತ್ತದೆ. ಆಗ 4ನೆಯದರ ಎರಡು ಲಿಫ್ಟರೂ ಕ್ಯಾಮಿನ ತಗ್ಗಿನಲ್ಲಿ ಇರುತ್ತವೆ. ಪುಶ್ ರಾಡನ್ನು ಬೆರಳಿನಲ್ಲಿ ಮೇಲೆ ಕೆಳಗೆ ಆಡಿಸುತ್ತಾ, ಆಟ ಪೂರ್ತಿ ಹೋಗುವವರೆಗೆ ನಟ್ ಬಿಗಿ ಮಾಡಬೇಕು. ತಿರುಗಿಸಿ ನೋಡಿ ಅಂದಾಜು ಮಾಡಿದರೆ ಒಳಗಿನ ಮೆತ್ತನೆಯ ಸ್ಪ್ರಿಂಗ್ ಮೋಸ ಮಾಡುತ್ತದೆ. ಆಟ ಹೋದ ಮೇಲೆ ಪುಸ್ತಕ ಹೇಳಿದಷ್ಟು ಸುತ್ತು, ಈ ಎಂಜಿನ್‌ಗೆ ಒಂದು. ಹಾಗೆ ಮಾಡಿದರೆ ಪ್ಲಂಜರ್ ತನ್ನ ಓಡಾಟದ ಮಧ್ಯದಲ್ಲಿ ನಿಲ್ಲುತ್ತದೆ.

ನಾನು ಲಿಫ್ಟರನ್ನು ಕೈಯಿಂದ ಪೂರ್ತಿ ಆಯಿಲ್ ತುಂಬಿಸಿ ಗಟ್ಟಿ ಮಾಡಿ ಹಾಕಿದ್ದೆ. ಆ ಗಟ್ಟಿ ಲಿಫ್ಟರಿನ ಮೇಲೆ ಒಂದು ಸುತ್ತು ಬಿಗಿ ಮಾಡಿದಾಗ ಪ್ಲಂಜರ್ ಇಳಿಯಲಿಲ್ಲ, ವಾಲ್ವ್ ತೆರೆದುಕೊಂಡಿತು. ಸೋರಿ ಇಳಿಯಲು ಸಮಯ ಕೊಡಬೇಕಿತ್ತು. ಕೊಡದೆ ಸೆಲ್ಫ್ ಹೊಡೆದೆ. ಎಂಜಿನ್ ಕುಂಟುತ್ತಾ ಶುರುವಾಯಿತು, ಸೈಲೆನ್ಸರಿನಿಂದ ಪಟ್ ಪಟ್ ಅಂತ ಬಡಿತ. ಕೂಡಲೇ ಆಫ್ ಮಾಡಿದೆ. ಕೈ ನಡುಗುತ್ತಿತ್ತು. ಪಿಸ್ಟನ್ ಮತ್ತು ವಾಲ್ವ್ ನಡುವೆ ಜಾಗ ಕಮ್ಮಿ ಇರುವ ಎಂಜಿನ್ ಆಗಿದ್ದರೆ ವಾಲ್ವ್ ಬಾಗಿಹೋಗುತ್ತಿತ್ತು. ಅರ್ಧ ಗಂಟೆ ಕಾದು, ಕೈಯಿಂದ ಎರಡು ಸುತ್ತು ತಿರುಗಿಸಿ ಏನೂ ತಾಗುತ್ತಿಲ್ಲ ಅಂತ ನೋಡಿ, ಮತ್ತೆ ಸ್ಟಾರ್ಟ್ ಮಾಡಿದೆ. ಆರೂ ಸಿಲಿಂಡರ್ ಸಮವಾಗಿ ಓಡಿದವು. ಇದನ್ನು ಓದಿ ಕೆಲಸ ಮಾಡುವವರು ದಯವಿಟ್ಟು ಆ ಅರ್ಧ ಗಂಟೆ ಕಾಯಿರಿ.

ಮೊದಲ ನಾಲ್ಕೈದು ನಿಮಿಷ ಸಣ್ಣ ಸದ್ದಿತ್ತು, ಒಳಗಿನ ಗಾಳಿ ಹೋಗುವವರೆಗೆ. ಆಮೇಲೆ ಟಿಕ್ ನಿಂತಿತು. ಅಣ್ಣ ಬಹಳ ಹೊತ್ತು ಫೆಂಡರ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ.

ಒಂಬತ್ತು ದಿನ ಕಳೆದು

"ಮತ್ತೆ ಬಂತು ಕಣೋ." ಈ ಸಲ ಅವನ ದನಿ ಸೋತಿತ್ತು.

ಹೋಗಿ ಕೇಳಿದೆ. ಟಿಕ್ ಹೌದು, ಜಾಗ ಬೇರೆ. ಫೀಲರ್ ಎಲೆ 6ನೇ ಸಿಲಿಂಡರಿನ ಇನ್‌ಟೇಕ್ ಕಡೆ ತೋರಿಸಿತು. ಹಳೇ ಎಂಜಿನ್‌ಗೆ ಹೊಸ ಆಯಿಲ್ ಹಾಕಿದಾಗ ಅದರಲ್ಲಿರುವ ತೊಳೆಯುವ ರಾಸಾಯನಿಕಗಳು ಗಮ್ಮನ್ನು ಸಡಿಲಿಸುತ್ತವೆ. ಸಡಿಲಾದದ್ದು ಎಲ್ಲೋ ಹೋಗಿ ಕೂರುತ್ತದೆ. ಒಂದೊಂದೇ ಕೆಡುವುದನ್ನು ಕಾಯುತ್ತಾ ಕೂರುವುದಕ್ಕಿಂತ ಉಳಿದ ಹನ್ನೊಂದನ್ನೂ ತೆಗೆದು ತೊಳೆಯೋಣ ಅಂತ ನಿರ್ಧರಿಸಿದೆವು. ಹನ್ನೆರಡು ಗೂಡಿನ ರಟ್ಟಿನ ಪೆಟ್ಟಿಗೆ ಮಾಡಿ ನಂಬರ್ ಬರೆದೆವು. ಒಂದು ತೆಗೆದು, ತೊಳೆದು, ವಾಪಸ್ ಹಾಕಿದ ಮೇಲೇ ಮುಂದಿನದು. ಎರಡು ಶನಿವಾರ, ಎರಡು ಭಾನುವಾರ ಹಿಡಿಯಿತು.

ಹತ್ತು ಚೆನ್ನಾಗಿ ಬಂದವು. 6ನೇ ಇನ್‌ಟೇಕಿನ ಪ್ಲಂಜರಿನ ಮೇಲೆ ಉದ್ದುದ್ದ ಗೀರುಗಳಿದ್ದವು. ಒಂದೊಂದಕ್ಕೂ ಸೀಮೆಎಣ್ಣೆ ತುಂಬಿ, ಮೇಲೆ ಒಂದೇ ತೂಕ ಇಟ್ಟು, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಹೋಲಿಸಿದೆ. ಉಳಿದವು ಅರ್ಧ ನಿಮಿಷದ ಆಸುಪಾಸು. ಇದು ಮೂರು ಸೆಕೆಂಡಿಗೇ ಕುಸಿಯಿತು. ಇದನ್ನು ತೊಳೆದು ಪ್ರಯೋಜನವಿಲ್ಲ.

ಇಲ್ಲಿ ಒಂದು ಕಷ್ಟದ ನಿರ್ಧಾರ. ಚಪ್ಪಟೆ ತಳದ ಲಿಫ್ಟರ್ ಮತ್ತು ಕ್ಯಾಮ್ ಗೂಟ ಒಟ್ಟಿಗೆ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಳೇ ಲಿಫ್ಟರನ್ನು ಹೊಸ ಕ್ಯಾಮಿನ ಮೇಲೆ ಹಾಕಲೇಬಾರದು. ಹೊಸ ಲಿಫ್ಟರನ್ನು ಹಳೇ ಕ್ಯಾಮಿನ ಮೇಲೆ ಹಾಕುವುದಕ್ಕೂ ಬಹಳ ಜನ ಒಪ್ಪುವುದಿಲ್ಲ. ಅವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಆ ಗೂಟದ ಎತ್ತು 5.90 ಇತ್ತು, ಹಳೇ ಲಿಫ್ಟರಿನ ತಳದಲ್ಲಿ ಉಬ್ಬು ಉಳಿದಿತ್ತು, ಗೂಟದ ಮೈ ನುಣುಪಾಗಿತ್ತು. ಅಣ್ಣನಿಗೆ ಎಲ್ಲಾ ಬಿಡಿಸಿ ಹೇಳಿದೆ. "ಒಂದು ಹೊಸ ಲಿಫ್ಟರ್ ಹಾಕೋಣ. ಕೆಟ್ಟರೆ ಆ ಗೂಟ ಹೋಗುತ್ತೆ, ಆಗ ಕ್ಯಾಮ್ ಬದಲಿಸಬೇಕಾಗುತ್ತೆ. ಈಗಲೇ ಕ್ಯಾಮ್ ಬದಲಿಸಿದರೂ ಅಷ್ಟೇ ಕೆಲಸ." ಅವನು ಹೂಂ ಅಂದ.

ಹೊಸದರ ತಳಕ್ಕೆ ಕ್ಯಾಮ್ ಪೇಸ್ಟ್ ಬಳಿದು ಹಾಕಿದೆ. ಆಯಿಲ್ ಜೊತೆ ಜಿಂಕ್ ಮತ್ತು ರಂಜಕ ಇರುವ ಅಡಿಟಿವ್ ಸೇರಿಸಿದೆವು. ಈಗಿನ ಹಲವು ಆಯಿಲ್‌ಗಳಲ್ಲಿ ಇವು ಹಿಂದಿನಷ್ಟು ಇರುವುದಿಲ್ಲ, ಚಪ್ಪಟೆ ಲಿಫ್ಟರಿಗೆ ಇವೇ ರಕ್ಷಣೆ. ಈ ಸಲ ಅರ್ಧ ಗಂಟೆ ಕಾದೆ. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ 2000 ಆರ್‌ಪಿಎಂ ಹತ್ತಿರ 20 ನಿಮಿಷ ರೇಸ್‌ನಲ್ಲಿಟ್ಟೆ. ಕ್ಯಾಮಿಗೆ ಆಯಿಲ್ ಬೀಳುವುದು ಮುಖ್ಯವಾಗಿ ಕ್ರ್ಯಾಂಕ್ ಎರಚಿದ್ದು, ಐಡ್ಲಿಂಗ್‌ನಲ್ಲಿ ಅದು ಸಾಲದು.

500 ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಅಯಸ್ಕಾಂತ ಆಡಿಸಿದೆವು. ಕಬ್ಬಿಣದ ಪುಡಿ ಅಂಟಲಿಲ್ಲ. ಕಪ್ಪು ಗಮ್ ಚೂರುಗಳು ಬಹಳ ಇದ್ದವು.

ಈಗ 3000 ಕಿಲೋಮೀಟರ್ ಆಗಿದೆ. ಬೆಳಗ್ಗೆ ಒಂದು ಸೆಕೆಂಡ್ ಸದ್ದು, ಆಮೇಲೆ ಇಲ್ಲ. ಹೈವೇ ಓಟದ ನಂತರವೂ ಇಲ್ಲ. ಉಳಿದಿರುವ ಚಿಂತೆ 2ನೇ ಇನ್‌ಟೇಕ್. ಅದರ ಪುಶ್ ರಾಡ್ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇನೆ. ತೊಳೆದ ಮೇಲೆ ಮೊದಲಿಗಿಂತ ಚೆನ್ನಾಗಿ ಸುತ್ತುತ್ತಿದೆ, ಆದರೆ ಪಕ್ಕದವುಗಳಷ್ಟು ಅಲ್ಲ. ಮೊನ್ನೆ ಅಳೆದಾಗ 5.80 ಬಂತು. ಅಣ್ಣ ನೋಟ್ ಬುಕ್ಕಿನಲ್ಲಿ ಅದಕ್ಕೆಂದೇ ಒಂದು ಪುಟ ಬಿಟ್ಟಿದ್ದಾನೆ. 5.81, 5.80 ಅಂತ ಎರಡು ಸಾಲು ಇವೆ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಹೀಗೆ ಬರೆದಿದ್ದಾನೆ: "ಆಯಿಲ್ ನೋಡಿದೆ. 10 ನಿಮಿಷ ಕಾದು ನೋಡಿದೆ. ಮೇಲಿನ ಗೀಟಿನಲ್ಲೇ ಇದೆ. ಹಾಕಲಿಲ್ಲ."